ದೇವರ ರಸಕ್ಕೆ ಒಂದಚ್ಚು ಬೆಲ್ಲ

೧೯೭೨ ಮಾರ್ಚ್ ೬, ಬೆಳಗ್ಗೆ

ಜಾಡಿ ಕಲಕಿದೆ. ಸಿಪ್ಪೆಯೆಲ್ಲ ಮೇಲೆ ತೇಲಿದೆ, ಒತ್ತಿದರೆ ಬುಸಬುಸ ನೊರೆ. ಬರೀ ದ್ರಾಕ್ಷಿ. ನೀರಿಲ್ಲ, ಸಕ್ಕರೆಯಿಲ್ಲ. ಹುಳಿ ಬರಲು ಸಿಪ್ಪೆಯ ಮೇಲಿನ ಬಿಳಿ ಪುಡಿಯೇ ಸಾಕು. ಏರ್ಕಾಡ್ ಕಾನ್ವೆಂಟಿನ ಅಡುಗೆಮನೆಯಲ್ಲಿ ಸಿಸ್ಟರ್ ಕಲಿಸಿದ್ದೇ ಹೀಗೆ.

ಮುನಿಸ್ವಾಮಿ ಅಣ್ಣ ಬಾಗಿಲಲ್ಲಿ ನಿಂತು ನಕ್ಕ. "ಲೇ ಅಂಕಿ, ಪಟ್ಟೆ ಆಕ್ದೆ ಎಂಗಮ್ಮಿ ಏರ್ತೈತೆ ಇದು?" ಪಟ್ಟೆ ಅಂದರೆ ಜಾಲಿ ಮರದ ತೊಗಟೆ! ಹಳ್ಳದಲ್ಲಿ ಕಳ್ಳಸಾರಾಯಿ ಕಾಯಿಸಿದ ಕೈ. ಊರಿಗೆ ಸರ್ಕಾರಿ ಅಂಗಡಿ ಬಂದು ಆ ಕೆಲಸ ಹೋಯಿತು, ಈಗ ನನ್ನ ಜಾಡಿಗೆ ಮೂಗು ತೂರಿಸುತ್ತಾನೆ. ಇದು ಚರ್ಚಿನ ಪೂಜೆಗೆ, ಸಾರಾಯಿ ಅಲ್ಲ ಎಂದು ಕಿರುಚಿದೆ.

ಮಾರ್ಚ್ ೮

ಮತ್ತೆ ಜಗಳ. ಬಳ್ಳಿಗೆ ಮೈಲುತುತ್ತದ ಔಷಧಿ ಹೊಡೆಯಲು, ಅಂಗಡಿ ಗೊಬ್ಬರ ಹಾಕಲು ನಾನು ಬಿಡುವುದಿಲ್ಲ. ಚಪ್ಪರದ ಕೆಳಗೆ ಕುರಿ ಮಲಗಿದರೆ ಸಾಕು, ಅದೇ ಗೊಬ್ಬರ. ಅಣ್ಣನದು ಒಂದೇ ರಾಗ — "ತಕ್ಕಾಳಿ ನಟ್ರೆ ಪಾಲಕೋಡ್ ಮಾರ್ಕೆಟ್ ಐತೆ. ಇದ್ಕೇನೈತೆ?"

ಕೊನೆಗೆ ಮಾತಾಯಿತು. ಧರ್ಮಪುರಿ ಫಾದರ್ ಈ ರಸ ಒಪ್ಪಿದರೆ ಬಳ್ಳಿ ಉಳಿಯುತ್ತದೆ. ಇಲ್ಲದಿದ್ದರೆ ಕಿತ್ತು ಟೊಮೇಟೊ. ಹೊಲ ಅವನ ಹೆಸರಿನಲ್ಲಿದೆಯಂತೆ. ನೆಟ್ಟು ನೀರು ಹೊತ್ತವಳು ನಾನು, ಅದನ್ನು ಕೇಳುವವರು ಯಾರು? ಫಾದರ್ ಹೇಳಿರುವುದು ಇಷ್ಟೇ: ದ್ರಾಕ್ಷಿಯ ಜೊತೆ ಬೇರೆ ಏನು ಬಿದ್ದರೂ ಪೂಜೆಗೆ ಆಗದು.

ಮಾರ್ಚ್ ೧೩

ಹಾಳಾಗಿ ಹೋಗಲಿ! ಇಳಿಯಬೇಕಾದ ನೊರೆ ಮತ್ತೆ ಉಕ್ಕುತ್ತಿದೆ. ಅತ್ತಿಗೆಯನ್ನು ಕೇಳಿದೆ, ಕಣ್ಣು ತಪ್ಪಿಸಿದಳು. ಅಣ್ಣನೇ ಬಾಯಿಬಿಟ್ಟ. "ಸಾಮಿಗೆ ಇಕ್ಕೋದು ಯಾರಾನ ಸಪ್ಪಗೆ ಇಕ್ತಾರಾ? ಒಂದಚ್ಚು ಬೆಲ್ಲ ಆಕ್ದೆ. ದೇವ್ರ ಕೆಲ್ಸ ಅಂತ್ಲೇ ಪಟ್ಟೆ ಆಕ್ಲಿಲ್ಲ."

ಏನೋ ಉಪಕಾರ ಮಾಡಿದ ಮುಖ! ಸೌಟು ಎಸೆದೆ. ಗೋಡೆಗೆ ಬಿತ್ತು... ಅವನ ತಲೆಗೆ ಬೀಳಬೇಕಿತ್ತು. ಬೇರೆ ಜಾಡಿ ಇಲ್ಲ, ಬಳ್ಳಿಯಲ್ಲಿ ಬೇರೆ ಹಣ್ಣೂ ಇಲ್ಲ.

ಏಪ್ರಿಲ್ ೨

ಸೋಸಿಟ್ಟದ್ದು ತಿಳಿಯಾಗಿದೆ. ರುಚಿ ನೋಡಿದೆ. ಚೆನ್ನಾಗಿದೆ, ಅದಕ್ಕೇ ಇನ್ನಷ್ಟು ಸಿಟ್ಟು. ಬೆಲ್ಲ ಹಾಕಿದ್ದು ಗೊತ್ತಾಗುವುದಿಲ್ಲ. ಹೇಳುವುದೂ ಇಲ್ಲ. ಬಳ್ಳಿ ಉಳಿಯಬೇಕು, ಪಾಪ ಬಂದರೆ ನನಗೇ ಬರಲಿ. ಬಾಯಿ ಬಿಟ್ಟರೆ ನೋಡು ಎಂದು ಅಣ್ಣನಿಗೆ ಹೇಳಿದೆ. "ನಾನ್ಯಾಕಮ್ಮಿ ಬಿಡ್ಲಿ" ಎಂದ.

ಏಪ್ರಿಲ್ ೫, ವಾಪಸು ಬಸ್ಸಿನಲ್ಲಿ

ಫಾದರ್ ಒಂದು ಗುಟುಕು ಕುಡಿದರು. ಮುಖ ಅರಳಿತು. "ರೊಂಬ ನಲ್ಲಾ ಇರುಕ್ಕು, ಅಂಕಮ್ಮಾ" — ತುಂಬ ಚೆನ್ನಾಗಿದೆ ಎಂದರು. ಬೇರೇನೂ ಸೇರಿಸಿಲ್ಲವಲ್ಲ ಎಂದು ಕೇಳಿದರು. ಇಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಣ್ಣ ಟವೆಲ್ ಕಂಕುಳಲ್ಲಿ ಸಿಕ್ಕಿಸಿ, ಕೈ ಮುಗಿದು — "ವೆಲ್ಲಂ ಮಟ್ಟುಂ ಪೋಟ್ಟೇನ್, ಸಾಮಿ." ಬೆಲ್ಲ ಮಾತ್ರ ಹಾಕಿದನಂತೆ! ಮಾತ್ರ!

ಫಾದರ್ ಲೋಟ ಕೆಳಗಿಟ್ಟರು. ಪೂಜೆಗೆ ಆಗದು ಎಂದು ಜಾಡಿಯನ್ನು ನಮ್ಮ ಕಡೆ ಸರಿಸಿದರು.

ಈಗ ಪಕ್ಕದಲ್ಲೇ ಕೂತಿದ್ದಾನೆ, ಜಾಡಿ ತೊಡೆಯ ಮೇಲೆ. "ದೇವ್ರ ಮನೇಲಿ ಸುಳ್ಳು ಎಂಗಮ್ಮಿ ಏಳ್ಲಿ?" ಅಂತೆ. ಕಿಟಕಿ ಕಡೆ ತಿರುಗಿದ್ದೇನೆ. ಮುಖ ನೋಡಿದರೆ ಉಗಿದುಬಿಡುತ್ತೇನೆ.

ಏಪ್ರಿಲ್ ೬, ಬೆಳಗ್ಗೆ

ತೋಟದಲ್ಲಿ ಗುದ್ದಲಿ ಸದ್ದು. ಜಗಲಿಯ ಮೇಲೆ ಟೊಮೇಟೊ ಸಸಿ. ಫಾದರ್ ಒಪ್ಪದಿದ್ದರೆ ಕೀಳುತ್ತೇನೆ ಎಂದಿದ್ದ, ಕೀಳುತ್ತಿದ್ದಾನೆ. ಸುಳ್ಳು ಹೇಳದವನು, ನನಗೆ ಕೊಟ್ಟ ಮಾತೊಂದು ಬಿಟ್ಟು ಬೇರೆ ಮಾತಿಗೆ ತಪ್ಪದವನು! ಇಂಥ ಒಳ್ಳೆಯತನಕ್ಕೆ ಬೆಂಕಿ ಬೀಳಲಿ.

ಇಲ್ಲಿ ಬರೆಯುತ್ತಾ ಕೂತಿದ್ದೇನಲ್ಲ, ನನಗೂ ಬುದ್ಧಿಯಿಲ್ಲ. ಹೋಗಿ ಬುಡಕ್ಕೆ ಅಡ್ಡ ನಿಲ್ಲುತ್ತೇನೆ. ಮೊದಲು ನನ್ನ ಕಾಲು ಕಡಿಯಲಿ, ಆಮೇಲೆ ಬಳ್ಳಿ —