ಎದುರಿನವರ ಕಣ್ಣು

ಸೃಷ್ಟಿಗೆ,

ನಿನ್ನ ಕಾರಿನ ಹೆಡ್‌ಲೈಟಿನ ಹೊಸ ಎಲ್‌ಇಡಿ ಬಲ್ಬು ಎದುರು ಬರುವವರ ಕಣ್ಣು ಕುಕ್ಕುತ್ತಿದೆ. ಇದು ತಪ್ಪು. ಹಾಕಿಕೊಟ್ಟವನು ಕೇದಾರ್ ಎಂಬ ಕಾರಣಕ್ಕೆ ನಾನಿದನ್ನು ಬರೆಯುತ್ತಿಲ್ಲ.

ಮಂಗಳವಾರ ಸಂಜೆ ಹೊರಮಾವಿನಲ್ಲಿ ಸೈಕಲ್ಲಿನಲ್ಲಿ ಬರುತ್ತಿದ್ದೆ. ನಿನ್ನ ಕಾರಿನ ಬೆಳಕು ಮುಖಕ್ಕೇ ಹೊಡೆಯಿತು. ಏನೂ ಕಾಣದೆ ಚರಂಡಿಯ ಅಂಚಿನಲ್ಲಿ ಇಳಿದು ನಿಂತೆ. ನೀನು ನನ್ನನ್ನು ನೋಡಲಿಲ್ಲ. ಕಾರು ಪಕ್ಕದಲ್ಲಿ ದಾಟಿದಾಗ, ನಿನ್ನ ಪಕ್ಕದ ಸೀಟಿನಲ್ಲಿ ಅವನು ನಗುತ್ತಿದ್ದುದು ಮಾತ್ರ ನನಗೆ ಚೆನ್ನಾಗಿ ಕಂಡಿತು.

ಆ ಹಳೆ ಹೆಡ್‌ಲೈಟಿನ ಬಟ್ಟಲು ಹ್ಯಾಲೊಜೆನ್ ಬಲ್ಬಿಗೆಂದು ಮಾಡಿದ್ದು. ಅದರೊಳಗೆ ಈ ಎಲ್‌ಇಡಿ ಇಟ್ಟರೆ ಬೆಳಕು ರಸ್ತೆಗೆ ಬೀಳದೆ ಎಲ್ಲೆಲ್ಲೋ ಚೆಲ್ಲುತ್ತದೆ. ಶಿವಾಜಿನಗರದಿಂದ ಬಲ್ಬು ತಂದವನಿಗೆ ಇದು ಗೊತ್ತಿರಬೇಕಿತ್ತು. 'ರಸ್ತೆ ಎದುರಿನವರದ್ದೂ ಹೌದು' ಎಂದು ನಮ್ಮ ರಸ್ತೆ ಸುರಕ್ಷತೆಯ ಕರಪತ್ರಕ್ಕೆ ಬರೆದುಕೊಟ್ಟ ನಿನಗೂ ಗೊತ್ತಿರಬೇಕಿತ್ತು.

ನನ್ನ ತಪ್ಪನ್ನೂ ಹೇಳುತ್ತೇನೆ. ರಸ್ತೆ ಕಾಣುತ್ತಿಲ್ಲವೆಂದು ನೀನು ಮೂರು ತಿಂಗಳು ಹೇಳಿದೆ. ಬೀದಿದೀಪಕ್ಕಾಗಿ ಸಹಿ ಸಂಗ್ರಹಿಸೋಣ ಎಂದೆ ನಾನು. "ಗುಂಡಿ ಕಾಣಲ್ಲ ಕಣೋ ಸಿದ್ಧು, ಕರಪತ್ರ ಹಚ್ಕೊಂಡು ಓಡಿಸ್ಲಾ?" ಎಂದು ನೀನು ನಕ್ಕೆ. ಅದೇ ವಾರ ಅವನು ಬಲ್ಬು ತಂದ.

ಈಗ ನಾನೂ ತಂದಿದ್ದೇನೆ: ಎರಡು ಹೊಸ ಹ್ಯಾಲೊಜೆನ್ ಬಲ್ಬು, ಹಳದಿಗಟ್ಟಿದ ಗಾಜು ಉಜ್ಜುವ ಪಾಲಿಶ್. ಆಮೇಲೆ ಗೋಡೆಗೆ ಬೆಳಕು ಬಿಟ್ಟು ಎತ್ತರ ಸರಿಮಾಡಬೇಕು. ಒಬ್ಬರು ಸ್ಕ್ರೂ ತಿರುಗಿಸುವಾಗ ಇನ್ನೊಬ್ಬರು ಗೋಡೆಯ ಬಳಿ ನಿಂತು ಗುರುತು ಹಾಕಬೇಕು. ಈ ಕೆಲಸಕ್ಕೆ ಇಬ್ಬರು ಸಾಕು, ಮೂರನೆಯವರು ಬೇಡ.

ಜೀವನ್ ಬಿಮಾ ನಗರದಲ್ಲಿ, ನಮ್ಮ ಮನೆ ಹಿಂದಿನ ಕಾಂಪೌಂಡ್ ಗೋಡೆಯ ಹತ್ತಿರ ಕಾಯುತ್ತಿರುತ್ತೇನೆ. ಭಾನುವಾರ, ಸಂಜೆ ಆರೂವರೆಗೆ.

ಸಿದ್ಧಲಿಂಗೇಶ