ಅಂಗೈಯಲ್ಲಿ ನಿಲ್ಲದ ತೀರ್ಥ

೧೪ ಆಗಸ್ಟ್ ೨೦೧೩, ಬುಧವಾರ. ಡೊಂಬಿವಲಿ.

ಮಠದಲ್ಲಿ ಹೆಂಡತಿಯನ್ನು ಗದರಿದ್ದು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಹೋದ ತಿಂಗಳು ಭಟ್ಟರು ಕೊಟ್ಟ ತೀರ್ಥ ವಾರಿಜಳ ಅಂಗೈಯಿಂದ ನೆಲಕ್ಕೆ ಹರಿದಿತ್ತು. "ಕೈ ಸರಿ ಹಿಡಿಲಿಕ್ಕೂ ಉದಾಸೀನವಾ ನಿಂಗೆ?" ಎಂದಿದ್ದೆ, ಎಲ್ಲರೆದುರು.

ಇವತ್ತು ಕಲ್ಯಾಣದಲ್ಲಿ ಅವಳ ಬೆರಳುಗಳ ಸೋನೋಗ್ರಫಿ ಆಯಿತು. ಅದನ್ನು ಹೊಟ್ಟೆಗೆ ಮಾತ್ರ ಮಾಡುತ್ತಾರೆಂದು ತಿಳಿದಿದ್ದೆ. ತಣ್ಣನೆಯ ಜೆಲ್ ತಾಗಿದ್ದೇ ಬೆರಳ ತುದಿಗಳು ಬಿಳುಚಿಕೊಂಡವು. ಡಾಕ್ಟರ್ ಮೇಡಂ ಪರದೆ ತೋರಿಸಿದರು. "ಸ್ಕಿನ್ ಬಘಾ, ಕಿತೀ ಜಾಡ ಝಾಲೀಯೇ." ಚರ್ಮ ದಪ್ಪಗಾಗಿ ಬಿಗಿದುಕೊಂಡಿದೆಯಂತೆ. ಪರದೆಯಲ್ಲಿ ಬೆರಳ ಗಂಟುಗಳೊಳಗೆ ಮಿನುಗುತ್ತಿದ್ದ ಕೆಂಪೆಲ್ಲ ಉರಿಯೂತ. ಬೆರಳು ಮೊದಲಿನಂತೆ ಮಡಚುವುದು ಕಷ್ಟ ಎಂದರು.

ಸಂಜೆ ದೇವರ ಪೂಜೆ ಮುಗಿಸಿ, ಅವಳ ಬಾಯಿಗೇ ಬಿಡೋಣವೆಂದು ಉದ್ಧರಣೆಯಲ್ಲಿ ತೀರ್ಥ ಎತ್ತಿದೆ. ಕೈ ಅಲ್ಲೇ ನಿಂತಿತು. ಹಾಗೆ ಬಾಯಿಗೆ ಬಿಡುವುದು ಪ್ರಾಣ ಹೋಗುವವರಿಗೆ. ಅಪ್ಪನಿಗೆ ನಾನೇ ಬಿಟ್ಟಿದ್ದೆ.

"ಬಿಡಿ ಮಾರಾಯ್ರೆ," ಎಂದಳು ವಾರಿಜ. "ಈ ಸಲ ನೆಲಕ್ಕೆ ಚೆಲ್ಲುದಿಲ್ಲ."

ಬಾಯಿ ತೆರೆದಳು. ಬೆರಳ ಚರ್ಮದಂತೆಯೇ ಬಿಗಿದ ತುಟಿಗಳು ಅರ್ಧಕ್ಕೇ ನಿಂತವು. ಉದ್ಧರಣೆ ಒಳಗೆ ಹೋಗಲಿಲ್ಲ.