ಊಟದ ಹಜಾರದಲ್ಲಿ ಜಲಪಾತ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಸೊಸೆಗೆ,

ಹೇಗಿದ್ದೀಯಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ, ಇಲ್ಲ ಅಲ್ಲಿಯೂ ಕಂಪ್ಯೂಟರ್ ಮುಂದೆ ಬಿಸ್ಕತ್ತು ಮುರಿಯುತ್ತಾ ಕೂತಿರುತ್ತೀಯಾ? ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಶಾಲೆಯ ಸಮವಸ್ತ್ರಗಳ ಹೊಲಿಗೆ ಮುಗಿಯಲಿಲ್ಲ ಎಂದು ನೆಪ ಹೇಳಬಹುದು, ಆದರೆ ನಿನ್ನ ಹತ್ತಿರ ಏಕೆ ಮುಚ್ಚುಮರೆ? ನಿನ್ನ ಕೋಟೆ ಮುಳುಗಿತ್ತು. ಅದು ಒಣಗುವವರೆಗೆ ನಿನಗೆ ಬರೆಯುವ ಧೈರ್ಯ ಬರಲಿಲ್ಲ.

ನೀನು ಕೆಲಸದ ಮೇಲೆ ಆ ಊರಿಗೆ ಹೊರಡುವಾಗ ಕಂಪ್ಯೂಟರಿನಲ್ಲಿ ಕೋಟೆ ಕಟ್ಟುವ ಈ ಆಟವನ್ನು ನನ್ನ ಕೈಗೊಪ್ಪಿಸಿ, "ಅತ್ತೆ, ಕುಳ್ಳರು ಉಪವಾಸ ಬೀಳದ ಹಾಗೆ ನೋಡ್ಕೊಳ್ಳಿ ಸಾಕು, ಬೇರೇನೂ ಮುಟ್ಬೇಡಿ" ಅಂದಿದ್ದೆ. ಮುಟ್ಟದೆ ಸುಮ್ಮನಿರುವುದು ನನ್ನ ಜಾಯಮಾನವೇ? ಗುಡ್ಡ ಕೊರೆದು ಮಾಡಿದ ಕೋಟೆಯೊಳಗೆ ಕುಳ್ಳರೆಲ್ಲ ಮುಖ ಊದಿಸಿಕೊಂಡು ಓಡಾಡುತ್ತಿದ್ದರು. ಅದರಲ್ಲೂ ನೀನು ನಮ್ಮ ಮನೆಯವರ ಹೆಸರಿಟ್ಟಿದ್ದೀಯಲ್ಲ, ಆ ನಾಲ್ವರ ಮುಖವಂತೂ ನೋಡುವ ಹಾಗಿರಲಿಲ್ಲ. ಜಲಪಾತದ ತುಂತುರು ಮೈಗೆ ತಾಗಿದರೆ ಅವರ ಮನಸ್ಸು ಅರಳುತ್ತದೆ ಎಂದು ನೀನೇ ಒಮ್ಮೆ ಹೇಳಿದ್ದೆ. ಸರಿ, ಮೇಲಿನ ಹೊಳೆಯಿಂದ ಕಾಲುವೆ ತೋಡಿಸಿ, ತೂಬು ಕೂರಿಸಿ, ನೀರು ಊಟದ ಹಜಾರದ ನಟ್ಟನಡುವೆ ಬೀಳುವ ಹಾಗೆ ಮಾಡಿದೆ.

ಬಿದ್ದ ನೀರು ಎಲ್ಲಿಗೆ ಹೋಗಬೇಕು ಎನ್ನುವುದೊಂದನ್ನು ಮಾತ್ರ ಯೋಚಿಸಿರಲಿಲ್ಲ.

ಮೊದಲು ಚೆಂದವಾಗಿಯೇ ಇತ್ತು. ಜಂಬದಿಂದ ನಿನ್ನ ಮಾವನನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ನೋಡುನೋಡುತ್ತಿದ್ದಂತೆ ನೀರು ಕುಳ್ಳರ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಮೇಜುಗಳು ಕಾಣದಾದವು. ತೂಬು ಮುಚ್ಚಿಸೋಣ ಎಂದರೆ, ಅದರ ಹಿಡಿಯನ್ನು ಕೈಗೆ ಸಿಗುವಂತಿರಲಿ ಎಂದು ಅದೇ ಹಜಾರದ ಮೂಲೆಯಲ್ಲಿ ನೆಟ್ಟಿದ್ದೆ! ಮಿಕ್ಕವರು ಹೇಗೋ ಮೆಟ್ಟಿಲು ಹತ್ತಿ ಪಾರಾದರು. 'ಮಾವ' ಎಂಬ ಕುಳ್ಳ ಮಾತ್ರ ಎಂದಿನಂತೆ ನಿದ್ದೆ ಹೊಡೆಯುತ್ತಿದ್ದವನು ಹಾಗೆಯೇ ಹೋದ. ನಿನ್ನ ಮಾವ ಕನ್ನಡಕ ತೆಗೆದು ಒರೆಸಿಕೊಂಡು, "ನನ್ನನ್ನ ಎಬ್ಬಿಸೋಕೂ ಆಗ್ಲಿಲ್ವಾ ನಿನಗೆ?" ಎಂದು ಕೇಳಿ ಎದ್ದು ಹೋದವರು ಊಟಕ್ಕೂ ಬರಲಿಲ್ಲ. ಆಟ ಅಳಿಸಿ ಹಾಕು, ಮುಗೀತು ಎಂದ ನನ್ನ ಮಗ. ಅವನಿಗೆ ಎಲ್ಲವೂ ಅಷ್ಟು ಸುಲಭ.

ನಾನು ಬಿಡುವವಳೇ? ಕೆಳಗಿನಿಂದ ಸುರಂಗ ಕೊರೆಸಿ ನೀರನ್ನು ಗುಡ್ಡದ ಬದಿಯಿಂದ ಹೊರಕ್ಕೆ ಬಿಡಿಸಿದೆ. ಕೊನೆಯ ಕಲ್ಲು ಒಡೆದ ಕುಳ್ಳ ನೀರಿನ ಜೊತೆ ತಾನೂ ಕೊಚ್ಚಿಕೊಂಡು ಹೊರಗೆ ಬಿದ್ದ, ಎದ್ದು ಮತ್ತೆ ಕೆಲಸಕ್ಕೆ ಬಂದ. ಅಂಥ ಒಬ್ಬ ಆಳು ನನ್ನ ಹೊಲಿಗೆ ಅಂಗಡಿಗೆ ಸಿಗಬಾರದಿತ್ತೇ! ಈಗ ನೆಲಕ್ಕೆ ಜಾಲರಿ ಹಾಕಿಸಿದ್ದೇನೆ, ಬಿದ್ದ ನೀರು ಬಿದ್ದಂತೆಯೇ ಇಳಿದು ಹೋಗುತ್ತದೆ. ಹಿಡಿ ಮೇಲಿನ ಮಹಡಿಯಲ್ಲಿದೆ. ಊಟಕ್ಕೆ ಕೂತ ಕುಳ್ಳರು ತುಂತುರಿನ ಖುಷಿಗೆ ಏಳುವುದೇ ಇಲ್ಲ. ಸತ್ತ 'ಮಾವ'ನಿಗೆ ಗೋರಿಯನ್ನೂ ಕಟ್ಟಿಸಿದೆ. ಸಣ್ಣದಾಯಿತು ಎಂದು ನಿನ್ನ ಮಾವ ಹಟ ಹಿಡಿದು ಅದನ್ನು ಒಡೆಸಿ, ಮತ್ತೆ ಕಟ್ಟಿಸಿಕೊಂಡರು.

ಕೂತು ಕೂತು ಬೆನ್ನು ಕೆಡಿಸಿಕೊಳ್ಳಬೇಡ, ಕುರ್ಚಿಗೊಂದು ದಿಂಬು ಹಾಕಿಕೋ. ಎಲ್ಲಿದ್ದರೂ ನಗುನಗುತ್ತಾ ಇರು ತಾಯಿ, ಹಿಡಿದ ಕೆಲಸವೆಲ್ಲ ಕೈಗೂಡಲಿ.

ನಿನ್ನ
ಅತ್ತೆ

ಮತ್ತೊಂದು ಮಾತು: ವಿಚ್ಛೇದನದ ಪತ್ರಕ್ಕೆ ಇಬ್ಬರೂ ಸಹಿ ಹಾಕಿಯಾಯಿತು, ನೀನು ಇನ್ನು ಈ ಮನೆಗೆ ಬರುವುದಿಲ್ಲ ಎಂದು ನನ್ನ ಮಗ ನಿನ್ನೆ ಚಹಾದ ಲೋಟ ತೊಳೆಯುತ್ತಾ ಹೇಳಿದ. ತುಂಬಾ ಅಳು ಬಂತು. ತಪ್ಪು ಯಾರದೆಂದು ನಾನು ಕೇಳುವುದಿಲ್ಲ. ಆದರೆ ಮೇಲೆ 'ಅತ್ತೆ' ಎಂದು ಬರೆಯುವಾಗ ಕೈ ತಡೆಯಿತು, ಇನ್ನು ನಾನು ನಿನಗೆ ಏನಾಗಬೇಕು? ಆಟದಲ್ಲಿ ಯಾರಿಗೆ ಯಾರು ಏನಾಗಬೇಕು ಎಂದು ತೋರಿಸುತ್ತದಲ್ಲ, ಅದನ್ನು ತೆರೆದು ನೋಡಿದೆ. ಅಲ್ಲಿ ನಾವಿಬ್ಬರೂ ನಂಟರೇ ಅಲ್ಲ. ನಮ್ಮ ಹೆಸರಿನ ಆ ಇಬ್ಬರು ದಿನಾ ಜಲಪಾತದ ಪಕ್ಕದ ಮೇಜಿನಲ್ಲಿ ಎದುರುಬದುರು ಕೂತು ಹರಟಿದ್ದಾರೆ, ಅಷ್ಟೇ. ನಿನ್ನ ಹೆಸರಿನ ಮುಂದೆ 'ಗೆಳತಿ' ಎಂದಿದೆ. ನಾನು ಬರೆಸಿದ್ದಲ್ಲ, ನಿನ್ನಾಣೆ. ಇನ್ನು ಮೇಲೆ ಹಾಗೆಯೇ ಸಹಿ ಹಾಕಲೇ?